ಅಂಟಿಸಿ ಮುಚ್ಚಿದ ಕೋಣೆ

...ಅಥವಾ ಆ ಸದ್ದು ಮೊದಲು ಕೇಳಿಸಿದ್ದು ಕುಶಾಲಪ್ಪಣ್ಣನಿಗೇ ಇರಬಹುದು. ನನಗೆ ಎಂದು ಎಲ್ಲರಲ್ಲೂ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದೇ ನಿಜದಂತೆ ಕೂತುಬಿಟ್ಟಿದೆ. ಯಾರು ಮೊದಲು ಎಂಬುದರಲ್ಲಿ ಅನುಮಾನವಿದೆ. ಸದ್ದು ಬಂದದ್ದರಲ್ಲಿ ಇಲ್ಲ. ನಾವಿಬ್ಬರೂ ಕೇಳಿದ್ದೇವೆ.

ಕಡಬದ ಕಡೆಯ ಒಂದು ಹಳೆಯ ಬೀಡು ಅದು. ಸುತ್ತಲಿನ ಊರುಗಳ ಯಜಮಾನಿಕೆ ನಡೆಸಿದ ಮನೆತನದ್ದು, ಈಗ ವಸ್ತುಸಂಗ್ರಹಾಲಯ. ಅಲ್ಲಿನ ವಸ್ತುಗಳ ಪಟ್ಟಿ ಮಾಡಿ ಕಾಪಾಡುವುದು ನನ್ನ ಕೆಲಸ. ಸುಳ್ಯದ ಕುಶಾಲಪ್ಪಣ್ಣ ಕಾವಲುಗಾರರು.

ಮರದ ಸಾಮಾನಿಗೆಲ್ಲ ಮರ ಕೊರೆಯುವ ಕುಟ್ಟೆ ಹುಳ ಹಿಡಿದಿತ್ತು. ತೊಟ್ಟಿಲಿನಿಂದ, ತೂಗುಮಂಚದಿಂದ ಹಿಟ್ಟಿನಂತೆ ಪುಡಿ ಉದುರುತ್ತಿತ್ತು. ಅಕ್ಕಿ ಗೋದಾಮಿನಲ್ಲಿ ಹುಳಕ್ಕೆ ಇಡುವಂಥ ವಿಷದ ಗುಳಿಗೆ ಇಡಿಸಲು ಪುತ್ತೂರಿನಿಂದ ಗುತ್ತಿಗೆದಾರನೊಬ್ಬನನ್ನು ಕರೆಸಿದೆ. ಚಾವಡಿಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಮರದ ವಸ್ತುಗಳನ್ನೆಲ್ಲ ಅಲ್ಲಿ ಜೋಡಿಸಿದ್ದು ಬಡಗಿ ಹಮೀದಾಕ. ಗುಳಿಗೆ ಇಟ್ಟು ಬಾಗಿಲು ಹಾಕಿ, ಸಂದುಗಳಿಗೆ ಮೈದಾ ಅಂಟಿನಲ್ಲಿ ಪೇಪರ್ ಪಟ್ಟಿ ಅಂಟಿಸಿದೆವು. ಐದು ದಿನ ತೆರೆಯುವ ಹಾಗಿಲ್ಲ. ಒಳಗೆ ತುಂಬುವ ಗ್ಯಾಸಿಗೆ ಹುಳವೂ ಒಂದೇ, ಮನುಷ್ಯನೂ ಒಂದೇ.

ಮುಚ್ಚುವ ಮೊದಲು ಒಳಗೆ ಯಾರೂ ಇಲ್ಲವೆಂದು ನೋಡಿ ಸಹಿ ಹಾಕಬೇಕಾದವಳು ನಾನು. ಸಹಿ ಹಾಕಿದ್ದೇನೆ. ನೋಡಿದೆನೇ?... ಟಾರ್ಚಿನ ಬೆಳಕು ತೂಗುಮಂಚದ ಮೇಲೆ ಹಾದದ್ದು ಸ್ಪಷ್ಟವಾಗಿ ನೆನಪಿದೆ. ಆದರೆ ಟಾರ್ಚ್ ಆ ಹೊತ್ತಿಗೆ ತಮ್ಮ ಕಿಸೆಯಲ್ಲಿತ್ತು ಎನ್ನುತ್ತಾರೆ ಕುಶಾಲಪ್ಪಣ್ಣ.

ಮುಚ್ಚಿದ್ದು ನಾಲ್ಕು ಗಂಟೆಗೆ. ಏಳೂವರೆಗೆ, ಹೊರಗೆ ಪೂರಾ ಕತ್ತಲು, ನಾನು ಬ್ಯಾಗು ಹೆಗಲಿಗೇರಿಸುತ್ತಿದ್ದಾಗ...

ಟಕ್. ಟಕ್. ಟಕ್.

ಮರದ ಮೇಲೆ ಬೆರಳಿನ ಗೆಣ್ಣು. ಸ್ವಲ್ಪ ಬಿಡುವು. ಮತ್ತೆ ಮೂರು.

"ಇಲಿಯಾ?" ಅಂದೆ.

"ಇಲಿ ಲೆಕ್ಕ ಮಾಡಿ ತಟ್ಟುದುಂಟಾ ಮೇಡಂ?" ಕುಶಾಲಪ್ಪಣ್ಣನ ದನಿ ತಗ್ಗಿತ್ತು. ಅವರ ಟಾರ್ಚ್ ಬಾಗಿಲ ಬುಡಕ್ಕೆ ಇಳಿಯಿತು. ಅಲ್ಲಿ ಒಂದು ಜೊತೆ ಚಪ್ಪಲಿ. ಹಮೀದಾಕರದ್ದು.

"ಅವರು ಹೋಗುದು ನೋಡಿದ್ರಾ?"

"ನಾನು ಚಾ ಕುಡಿಲಿಕ್ಕೆ ಹೋಗಿದ್ದೆ. ನೀವು ನೋಡ್ಲಿಲ್ವಾ?"

ಹಮೀದಾಕರ ಫೋನ್ ಸ್ವಿಚ್ ಆಫ್. ಬಾಗಿಲಿಗೆ ಬಾಯಿಟ್ಟು ಅವರ ಹೆಸರು ಕೂಗಿದೆ. ದನಿ ಬರಲಿಲ್ಲ. ಮೂರು ಸಲ ತಟ್ಟಿದ್ದು ಬಂತು.

ಗುತ್ತಿಗೆದಾರನಿಗೆ ಫೋನ್ ಮಾಡಿದೆ. "ಬಾಗಿಲು ಮುಟ್ಬೇಡಿ, ನೀವೂ ಬೀಳ್ತೀರಿ. ಮಾಸ್ಕ್ ತಗೊಂಡು ಬರ್ತೇನೆ, ಮುಕ್ಕಾಲು ಗಂಟೆ ಬೇಕು."

"ಒಳಗೆ ಜನ ಉಂಟು. ತಟ್ತಾ ಇದ್ದಾರೆ."

"ಮೂರೂವರೆ ಗಂಟೆ ಆಯ್ತಲ್ಲ ಮೇಡಂ... ಜನ ಆದ್ರೆ ಈಗ ತಟ್ಲಿಕ್ಕೆ ಆಗ್ಲಿಕ್ಕಿಲ್ಲ."

ಮುಕ್ಕಾಲು ಗಂಟೆ. ಚಾವಡಿಯಲ್ಲಿ ನಿಂತೆ, ಕೂತೆ, ಮತ್ತೆ ಫೋನ್ ಒತ್ತಿದೆ. ತಟ್ಟುವುದರಲ್ಲಿ ಗಾಬರಿ ಇರಲಿಲ್ಲ, ಅದೇ ಸಹಿಸಲಾಗಲಿಲ್ಲ. ಉಸಿರುಗಟ್ಟಿದವರು ಬಡಿಯುತ್ತಾರೆ, ಒದೆಯುತ್ತಾರೆ. ಇದು ಬೇರೆಯವರ ಮನೆಗೆ ಬಂದವರು ತಟ್ಟುವಂತೆ, ಮರ್ಯಾದೆಯಲ್ಲಿ...

ಕೊನೆಗೆ ಉಗುರಿನಿಂದ ಒಂದು ಪಟ್ಟಿ ಕಿತ್ತೆ. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಗಂಟಲಿಗೆ ಹೊಡೆಯಿತು. ಕುಶಾಲಪ್ಪಣ್ಣ ರಟ್ಟೆ ಹಿಡಿದು ನನ್ನನ್ನು ಅಂಗಳಕ್ಕೆ ಎಳೆದರು.

"ಬಿಡಿ, ಸಾಯ್ತಾರೆ ಅವರು."

"ನೀವು ಸತ್ರೆ ಅವರು ಬದುಕುದುಂಟಾ?"

ಆಗ ನನ್ನ ಫೋನ್ ರಿಂಗಾಯಿತು. ಹಮೀದಾಕ.

"ಎಂತ ಮೇಡಂ, ಇಷ್ಟೆಲ್ಲ ಕಾಲ್? ಬಸ್ಸಲ್ಲಿ ಚಾರ್ಜ್ ಮುಗಿದಿತ್ತು. ಈಗ ಸಂಪಾಜೆಗೆ ಬಂದು ಮುಟ್ಟಿದ್ದು."

"ನಿಮ್ಮ ಚಪ್ಪಲಿ ಇಲ್ಲೇ ಉಂಟಲ್ಲ?"

"ಅದರ ಬಾರು ಕಿತ್ತೋಯ್ತು ಮಾರಾಯ್ರೆ. ಕುಶಾಲಪ್ಪಣ್ಣಂದು ಇನ್ನೊಂದು ಜೊತೆ ಇತ್ತಲ್ಲ, ಅದನ್ನು ಹಾಕಿ ಬಂದೆ. ಬೈಬೇಡಿ ಅಂತ ಹೇಳಿ."

ನಾನು ಅಲ್ಲೇ ಮೆಟ್ಟಿಲಲ್ಲಿ ಕೂತೆ. ನಕ್ಕೆನೋ ಅತ್ತೆನೋ. "ನನ್ನ ಚಪ್ಪಲಿ ನನ್ನನ್ನು ಬಿಟ್ಟೇ ಸಂಪಾಜೆಗೆ ಹೋಯಿತು," ಎಂದು ಕುಶಾಲಪ್ಪಣ್ಣನೂ ನಕ್ಕರು.

ಟಕ್. ಟಕ್. ಟಕ್.

ಅವರ ನಗು ನಿಂತಿತು. ಬಾಗಿಲ ಕಡೆ ನೋಡುತ್ತ ಪಿಸುಗುಟ್ಟಿದರು: "ಮೊದಲೆಲ್ಲ ಸತ್ತ ಹಿರಿಯರಿಗೆ ಈ ಕೋಣೆಯಲ್ಲಿ ಎಲೆ ಬಡಿಸಿ ಬಾಗಿಲು ಹಾಕುದು, ಗೊತ್ತುಂಟಾ? ಮತ್ತೆ ತೆರೆಯುವ ಮುಂಚೆ ಹೊರಗಿಂದ ತಟ್ಟುದು. ಒಳಗೆ ಉಣ್ತಾ ಇರುವವರು ಎದ್ದು ಹೋಗ್ಲಿ ಅಂತ. ನಮ್ಮಲ್ಲಿ ಈಗಲೂ ಹಾಗೇ."

"ಇದು ಒಳಗಿಂದ..."

"ಅದೇ ನಾನೂ ಯೋಚನೆ ಮಾಡುದು. ಎದ್ದು ಹೋಗ್ಬೇಕಾದವರು ಯಾರು?"

ಕಿತ್ತ ಪಟ್ಟಿಯ ಸಂದಿನಿಂದ ಗ್ಯಾಸು ಸೋರುತ್ತಿತ್ತು. ಸೆರಗು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು, ಉಳಿದ ಅಂಟಿನಲ್ಲಿ ಅದನ್ನು ಮತ್ತೆ ಅಂಟಿಸಿದೆ. ನಾನೇ ಅಂಟಿಸಿದೆ. ಅಂಗೈಯಿಂದ ಪೇಪರನ್ನು ಒತ್ತುತ್ತಿದ್ದಾಗ ಮರದ ಆಚೆ, ಸರಿಯಾಗಿ ನನ್ನ ಅಂಗೈಯ ನೇರಕ್ಕೆ, ತಟ್ಟಿದರು.

ಗುತ್ತಿಗೆದಾರನ ಬೈಕು ಬಂದಾಗ ಸದ್ದು ನಿಂತಿತು. ಅಥವಾ ಬೈಕಿನ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ, ಆಮೇಲೆ ನಾವು ಕಿವಿಗೊಡಲಿಲ್ಲ. ಹಮೀದಾಕರ ಫೋನ್ ಬಂದದ್ದನ್ನು ಕೇಳಿ ಅವನು ಮಾಸ್ಕ್ ಹಿಡಿದು ನಿಂತ.

"ನಿಮ್ಮ ಜನ ಸಿಕ್ಕಿದ್ರಲ್ಲ. ಇನ್ನು ತೆರೆಯುದಾ? ನೀವು ಹೇಳಿದ ಹಾಗೆ."

ತೆರೆಯಬಹುದಿತ್ತು. ಮಾಸ್ಕ್ ಇತ್ತು. ಮೂವರು ಇದ್ದೆವು.

"ಬೇಡ," ಅಂದೆ.

ಐದನೆಯ ದಿನ ತೆರೆದಾಗ ಸತ್ತ ಹುಳಗಳು ಬಿಟ್ಟರೆ ಏನೂ ಇರಲಿಲ್ಲ. ಊರಿನಲ್ಲಿ ಯಾರಾದರೂ ಕಾಣೆಯಾಗಿದ್ದಾರೆಯೇ ಎಂದು ವಾರಗಟ್ಟಲೆ ವಿಚಾರಿಸಿದೆ. ಯಾರೂ ಇಲ್ಲ, ನನಗೆ ತಿಳಿದ ಮಟ್ಟಿಗೆ. ಇದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಮೀದಾಕ ಅಲ್ಲವೆಂದು ತಿಳಿದ ಕ್ಷಣದಿಂದ ಒಳಗಿರುವುದು ಯಾರೆಂದು ನಾನು ಒಮ್ಮೆಯೂ ಕೂಗಿ ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತೇ, ಗೊತ್ತಿಲ್ಲ. ಯಾರಿದ್ದರು ಎಂಬುದೂ ಗೊತ್ತಿಲ್ಲ.