ಅಣ್ಣ ಕ್ಯಾರಿಯರ್ ತಂದ ಭಾನುವಾರ

ದಸರಾ ಕಳೆದ ಮೊದಲ ಭಾನುವಾರ ಅಣ್ಣನನ್ನು ಅಮ್ಮನ ಹೊಸ ಮನೆಗೆ ಊಟಕ್ಕೆ ಕರೆದದ್ದು, ಪೇಟೆಯಿಂದ ಬಂದಿದ್ದ ನಾನೇ. ಅಮ್ಮ ಬೇಡ ಎಂದಿದ್ದಳು. ಬೇಸಿಗೆಯಲ್ಲಿ ಅವಳು ಎರಡನೆಯ ಮದುವೆಯಾದಾಗಿನಿಂದ ಅಣ್ಣ ಅವಳ ಮುಖ ನೋಡಿರಲಿಲ್ಲ.

ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ಇದ್ದವಳು ಅಮ್ಮ. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಕೊಟ್ಟಿಗೆಗೆ ಗೇಟು ಮಾಡಲು ಬಂದಿದ್ದ ವೆಲ್ಡರ್ ಒಬ್ಬರನ್ನು ರಿಜಿಸ್ಟರ್ ಮದುವೆಯಾಗಿ, ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಗಳಲ್ಲೊಂದಾದ ಅವರ ಮನೆಗೆ ಹೊರಟುಹೋದಳು. ಹೆಂಡತಿ ಸತ್ತು ಒಂಟಿಯಾಗಿದ್ದವರು, ಮನೆಮಾತು ತಮಿಳು. ಬೀದಿಯವರೆಲ್ಲ ಅವರನ್ನು ಮೇಸ್ತ್ರಿ ಅನ್ನುತ್ತಾರೆ. ಅಪ್ಪ ಅನ್ನಲು ನನಗೆ ಬಾಯಿ ಬರಲಿಲ್ಲ. ನಾನೂ ಮೇಸ್ತ್ರಿ ಎಂದೇ ಕರೆಯುತ್ತೇನೆ.

ಮೇಸ್ತ್ರಿ ಎಣ್ಣೆ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ, ಕಾಲು ಬೆಸೆದು, ಮೇಲೆ ಕಂಬಿ ಕೂರಿಸಿ ಒಲೆ ಮಾಡಿದ್ದರು. ಅದನ್ನು ಮನೆಯ ಮುಂದಿನ ಅಂಗಳಕ್ಕೆ ಎಳೆದು ಇದ್ದಿಲು ಸುರಿದರು. ಕುರಿಮಾಂಸಕ್ಕೆ ಮೊಸರು, ಮೆಣಸು, ಬೆಳ್ಳುಳ್ಳಿ ಹಚ್ಚಿಟ್ಟಿದ್ದವಳು ನಾನು. ಅವರು ಬೆರಳಿಗೆ ಮಸಾಲೆ ಹಚ್ಚಿಕೊಂಡು ನೆಕ್ಕಿ ಮುಖ ಹಿಂಡಿದರು.

"ಉಪ್ಪು ಜಾಸ್ತಿ. ಯಾರ್ ತಿಂತಾರೆ ಇದ್ನ?"

"ತಿನ್ನೋರು ತಿಂತಾರೆ ಬಿಡಿ," ಎಂದೆ.

"ಇಬ್ರೂ ಬಾಯಿ ಮುಚ್ಕೊಳ್ರಿ. ಅವ್ನು ಬರೋ ಒತ್ತಾಯ್ತು," ಎಂದಳು ಅಮ್ಮ.

ಅಣ್ಣ ಬೈಕಿನಲ್ಲಿ ಬಂದ. ಹ್ಯಾಂಡಲ್‌ಗೆ ಊಟದ ಕ್ಯಾರಿಯರ್ ನೇತಾಡುತ್ತಿತ್ತು. ಅತ್ತಿಗೆ ಅಮ್ಮನಿಗೇನೋ ಮಾಡಿ ಕಳಿಸಿರಬೇಕು ಎಂದುಕೊಂಡು ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ಒಲೆಗೆ ಬೆನ್ನಾಗುವಂತೆ ತಿರುಗಿಸಿ ಕೂತು, ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡ.

"ಏನ್ಲಾ ಅದು?" ಅಮ್ಮ ಕೇಳಿದಳು.

"ನನ್ ಊಟ. ಮನೆಯಿಂದ ತಂದಿವ್ನಿ."

"ಇಲ್ಲಿ ಮಾಡಿಲ್ವಾ?"

"ಕಂಡೋರ್ ಮನೇಲಿ ನಾನ್ ಉಣ್ಣಲ್ಲ."

ಮುಚ್ಚಳ ತೆಗೆದು ಮುದ್ದೆ ಮುರಿದ. ಹುರುಳಿ ಸಾರಿನಲ್ಲಿ ಅದ್ದಿ ನುಂಗತೊಡಗಿದ. ನಾವು ಮೂವರೂ ನಿಂತು ಅವನು ಉಣ್ಣುವುದನ್ನು ನೋಡುತ್ತಿದ್ದೆವು. ಗಣಿಯ ಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿ ಹೊಗೆಯೆಲ್ಲ ಅವನ ಮೇಲೇ ಹೋಗುತ್ತಿತ್ತು. ಕಣ್ಣು ಕೆಂಪಾದರೂ ಅವನು ಕುರ್ಚಿ ಸರಿಸಲಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ, ಹಟ ಹಿಡಿದರೆ ತನಗೇ ನೋವಾದರೂ ಬಿಡುವವನಲ್ಲ. ಆ ಹೊತ್ತಿನಲ್ಲಿ ಅವನ ಬೆನ್ನನ್ನು ನೋಡಿದರೇ ನನಗೆ ಮೈ ಉರಿಯಿತು.

ಮೇಸ್ತ್ರಿ ಚೆನ್ನಾಗಿ ಬೆಂದ ಪಕ್ಕೆಲುಬಿನ ತುಂಡೊಂದನ್ನು ತಟ್ಟೆಗೆ ಹಾಕಿ ಅವನ ಮುಂದೆ ಹಿಡಿದರು.

"ಸಾಪಿಡು ಪಾ. ಒಂದೇ ಒಂದ್ ತುಂಡು ತಿನ್ನು."

ಅಣ್ಣ ತಲೆ ಎತ್ತದೆ ಮೊಣಕೈಯಿಂದ ತಳ್ಳಿದ. ತಟ್ಟೆ ಮಣ್ಣಿಗೆ ಬಿತ್ತು. ಎದುರುಮನೆಯ ನಾಯಿ ಓಡಿಬಂದು ತುಂಡನ್ನು ಕಚ್ಚಿಕೊಂಡು ಹೋಯಿತು. ಯಾರೂ ಹಚಾ ಅನ್ನಲಿಲ್ಲ.

"ಪೋಡಾ ವೆಳಿಯೆ!" ಮೇಸ್ತ್ರಿ ಗೇಟಿನ ಕಡೆ ಕೈ ಮಾಡಿ ಕೂಗಿದರು. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಾಣಿಸಿದವು.

ಅಮ್ಮ ಸರ್ರನೆ ಅವರ ಕಡೆ ತಿರುಗಿದಳು. "ಸುಮ್ಕಿರಯ್ಯ ನೀನು! ನನ್ ಮಗನ್ನ ಓಗು ಅನ್ನಾಕೆ ನೀನ್ಯಾರು?"

ಅಷ್ಟು ಸಾಕಾಯಿತು ಅಣ್ಣನಿಗೆ. ಕ್ಯಾರಿಯರನ್ನು ಕುರ್ಚಿಯ ಮೇಲಿಟ್ಟು ಗೆದ್ದವನಂತೆ ಎದ್ದು ನಿಂತು, ಅಮ್ಮನ ಕೊರಳಿನ ಹೊಸ ತಾಳಿಗೆ ಎಂಜಲು ಬೆರಳು ತೋರಿಸಿದ.

"ನಡಿಯಮ್ಮ. ಅದ್ನ ಬಿಚ್ಚಿ ಅವ್ನ್ ಕೈಗ್ ಕೊಟ್ಟು ಬಾ. ಊರೋರ್ಗೆ ಏನೋ ಒಂದು ಏಳಾಣ."

ಅಮ್ಮನ ಕೈಯಲ್ಲಿ ಇಕ್ಕಳವಿತ್ತು. ಅವಳು ದನಿ ಏರಿಸಲಿಲ್ಲ.

"ನಿಮ್ಮಪ್ಪನ್ಗೆ ಕಟ್ಟುವಾಗ ನನ್ನ ಯಾರೂ ಕೇಳ್ಲಿಲ್ಲ ಕಣ್ಲಾ. ಈ ಸಾರಿ ನಾನೂ ಯಾರ್ನೂ ಕೇಳ್ಲಿಲ್ಲ. ನಿನ್ನ ಕೇಳ್ಬೇಕಿತ್ತಾ? ಊರೋರ್ನ ಕೇಳ್ಬೇಕಿತ್ತಾ?"

"ಅಂಗಾದ್ರೆ ನೀನ್ ಸತ್ರೂ ನಾನ್ ಬರಲ್ಲ."

"ಬರ್ಬೇಡ. ಮಣ್ಣಾಕಾಕೆ ಮಗ್ಳವ್ಳೆ."

ನನ್ನನ್ನು ಒಂದು ಮಾತು ಕೇಳದೆ ಹೇಳಿಬಿಟ್ಟಳು. ಅಣ್ಣ ನನ್ನ ಕಡೆ ತಿರುಗಿದ. "ನೀನೇ ಕರೆಸಿ ಮರ್ಯಾದೆ ಕಳ್ದೆ. ನೀನೂ ಅವ್ರ್ ಕಡೇನಾ?"

ನಾನು ಅವನ ಕ್ಯಾರಿಯರನ್ನು ಎತ್ತಿ, ಅರ್ಧ ಉಂಡ ಮುದ್ದೆಯ ಮೇಲೇ ಮುಚ್ಚಳ ಬಡಿದು, ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದೆ. ಸಾರು ಟ್ಯಾಂಕಿನ ಮೇಲೆ ಇಳಿಯಿತು. "ಓಗು," ಎಂದೆ. ಹದಿನೈದು ವರ್ಷ ಪೇಟೆಯಲ್ಲಿದ್ದು ತಿದ್ದಿಕೊಂಡಿದ್ದ ನನ್ನ ನಾಲಿಗೆ ಆಗ ಹಳ್ಳಿಗೆ ಮರಳಿತ್ತು.

ಅವನು ಹೋಗುವಷ್ಟರಲ್ಲಿ ಮಾಂಸ ಒಂದು ಕಡೆ ಸೀದು ಕರಕಲಾಗಿತ್ತು. ಅದನ್ನೇ ತಿಂದೆವು. ಅಮ್ಮ ಅಳುತ್ತಿದ್ದಾಳೇನೋ ಎಂದು ನೋಡಿದೆ. ಅಳುತ್ತಿರಲಿಲ್ಲ, ಎಲುಬನ್ನು ಕಟಕಟ ಕಡಿಯುತ್ತಿದ್ದಳು. ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದರು. "ನೀನ್ ಮಾತಾಡ್ಬೇಡ. ನನ್ ಮಗನ್ನ ಬೀದಿಯೋರ್ ಮುಂದೆ ಕೂಗಿದ್ದು ನೀನು," ಎಂದಳು. ಅವರು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಒಬ್ಬರೇ ಕೂತು ಉಂಡರು.

ದೀಪಾವಳಿಗೆ ಅಣ್ಣ ಬರಲಿಲ್ಲ, ನಾವೂ ಕರೆಯಲಿಲ್ಲ. ಮೂವರೂ ಸೇರಿ ತನ್ನನ್ನು ಓಡಿಸಿದರೆಂದು ಅವನು ನೆಂಟರಿಗೆಲ್ಲ ಹೇಳಿಕೊಂಡು ಬಂದ. ನಾನು ಅಮ್ಮನ ಮನೆಯಲ್ಲಿದ್ದಾಗಲೇ ಚಿಕ್ಕಮ್ಮ ಫೋನ್ ಮಾಡಿ, "ಅವ್ನು ಏಳಾದು ದಿಟಾನೇನೇ?" ಎಂದು ಕೇಳಿದಳು.

"ದಿಟಾನೇ," ಎಂದೆ.

"ತಾಯಿ ಮಗನ್ ಮಧ್ಯೆ ನೀನಾದ್ರೂ ಸೋಲಬಾರ್ದಾ?"

ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಅವಳು ಕಿವಿಗೂ ಹಿಡಿಯದೆ ಕಟ್ ಮಾಡಿದಳು.