ಅಳತೆಗೆ ಕೊಟ್ಟ ರವಿಕೆ

ಹೊಲಿಗೆ ಯಂತ್ರದ ಎಣ್ಣೆಗೆ ಒಂದು ವಾಸನೆಯಿದೆ. ಕಳೆದ ವಾರ ಶಿವಮೊಗ್ಗದ ಕೋಟೆ ರಸ್ತೆಯ ಟೈಲರ್ ಅಂಗಡಿಯಲ್ಲಿ ಹೊಲಿಯುವಾಕೆ ಯಂತ್ರಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟು ಬಟ್ಟೆಯ ಚೂರಿನಿಂದ ಒರೆಸುತ್ತಿದ್ದರು. ನಾನು ಅಳತೆಗೆಂದು ಹಳೆಯ ರವಿಕೆಯೊಂದನ್ನು ಹಿಡಿದು ನಿಂತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ಟೈಲರಕ್ಕ ನೆನಪಾದರು...

ಭದ್ರಾವತಿಯಲ್ಲಿ ನಮ್ಮ ಕ್ವಾರ್ಟರ್ಸಿನ ಎದುರು ಮನೆಯವರನ್ನು ಸಾಲಿನವರೆಲ್ಲ ಟೈಲರಕ್ಕ ಎನ್ನುತ್ತಿದ್ದರು. ಮನೆಮಾತು ತಮಿಳು. ಗಂಡ ತೀರಿಕೊಂಡ ಮೇಲೆ ಹೊಲಿಗೆಯೇ ಜೀವನ. ನಲವತ್ತು ದಾಟಿದ ಮೇಲೆ, ಕಾಲೇಜಿನ ಮೆಟ್ಟಿಲು ಹತ್ತದೆ, ಯಂತ್ರದ ಹಲಗೆಯ ಮೇಲೆ ಪಾಠದ ಪುಸ್ತಕ ತೆರೆದಿಟ್ಟುಕೊಂಡು, ಕನ್ನಡದಲ್ಲೇ ಬರೆದು ಬಿ.ಎ. ಪಾಸು ಮಾಡಿದ್ದರು. ಆ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿರಲಿಲ್ಲ. ಅದು ದಾರದ ಉಂಡೆಗಳ ಡಬ್ಬದ ಕೆಳಗೆ ಇರುತ್ತಿತ್ತು.

ನನ್ನ ಅಣ್ಣ ಅತ್ತಿಗೆಗೆ ಹೊಡೆಯುತ್ತಿದ್ದ. ನನಗೆ ಗೊತ್ತಿತ್ತು. ಗೋಡೆಯಾಚೆಯಿಂದ ಸದ್ದು ಬಂದಾಗ ನಾನು ಟಿ.ವಿ. ಜೋರು ಮಾಡುತ್ತಿದ್ದೆ. ಇದನ್ನೂ ಬರೆಯಬೇಕು.

ಒಮ್ಮೆ ಅತ್ತಿಗೆಯ ಜೊತೆ ಟೈಲರಕ್ಕನ ಮನೆಗೆ ಹೋಗಿದ್ದೆ. ಅತ್ತಿಗೆ, "ತೋಳು ಮೊಣಕೈವರೆಗೆ ಇಡಿ ಅಕ್ಕ" ಅಂದಳು.

"ಈ ಸೆಕೆಗಾ? ಹೋದ ಸಲ ಎರಡಿಂಚು ಉದ್ದ ಮಾಡಿಸ್ದೆ. ಮುಂದಿನ ಸಲ ಏನು ಮಾರಾಯ್ತಿ, ಕೈಗವಸು ಹೊಲೀಲಾ?" ಎಂದು ನಗುತ್ತ ಅಕ್ಕ ಟೇಪು ಸುತ್ತಲು ಅವಳ ರವಿಕೆಯ ತೋಳನ್ನು ಮೇಲೆ ಸರಿಸಿದರು. ನಗು ಅಲ್ಲೇ ನಿಂತಿತು. ಭುಜದ ಕೆಳಗೆ ನಾಲ್ಕು ಬೆರಳಿನ ಗುರುತು, ಅದರ ಕೆಳಗೆ ಬೆಲ್ಟಿನ ಬಕ್ಕಲಿನದು. ಅಕ್ಕ ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಯಂತ್ರದ ಡ್ರಾಯರಿನಿಂದ ಮನೆಯಲ್ಲೇ ಓದಿ ಬರೆಯುವ ಬಿ.ಎ.ಯ ಅರ್ಜಿ ತೆಗೆದು ಮುಂದಿಟ್ಟರು.

"ತೋಳು ಎಷ್ಟು ಬೇಕಾದ್ರೂ ಉದ್ದ ಮಾಡ್ಕೊಡ್ತೀನಿ. ಅದ್ರಿಂದ ಏಟು ನಿಲ್ಲಲ್ಲ. ಪಿಯುಸಿ ಆಗಿದೆ ಅಲ್ವಾ? ಇದನ್ನ ತುಂಬು. ಡಿಗ್ರಿ ಇದ್ರೆ ಒಂದು ಕೆಲಸ ಹಿಡಿದು ಆ ಮನೆ ಬಿಡಬಹುದು." ನನ್ನ ಕಡೆ ತಿರುಗಿ, "ನೀನೂ ತುಂಬೇ" ಅಂದರು.

ಹೊಲಿಗೆ ಕಲಿಯಲು ಹೋಗುತ್ತಾಳೆ ಎಂದರೆ ಅಣ್ಣನ ಅಡ್ಡಿ ಇರಲಿಲ್ಲ. ಅತ್ತಿಗೆ ಮಧ್ಯಾಹ್ನದ ಹೊತ್ತು ಹುಕ್ಕು ಕಟ್ಟಿ, ಹೆಮ್ಮಿಂಗ್ ಮಾಡಿಯೇ ತನ್ನ ಫೀಸು ಕಟ್ಟಿದಳು. ಪುಸ್ತಕಗಳು ಅಕ್ಕನ ವಿಳಾಸಕ್ಕೆ ಬರುತ್ತಿದ್ದವು. ನಾನು ಎರಡು ಅಂಕದ ಪ್ರಶ್ನೆಗೆ ಮೂರು ಪುಟ ಬರೆದಾಗ ಅಕ್ಕ ಹಾಳೆ ಎತ್ತಿ ಬೀಸಿದರು. "ಎರಡು ಮಾರ್ಕ್ಸಿಗೆ ಮದುವೆ ಊಟ ಬಡಿಸಿದೀಯಲ್ಲೇ! ಏನು ಕೇಳಿದಾರೋ ಅಷ್ಟು ಬರಿ. ಗೊತ್ತಿಲ್ಲದ್ದು ತುಂಬಿಸ್ಬೇಡ. ಗೊತ್ತಿರೋದು ಬಿಡ್ಬೇಡ."

ಮೂರನೆಯ ವರ್ಷ, ಕೊನೆಯ ಪರೀಕ್ಷೆ. ನಮ್ಮಿಬ್ಬರ ಹಾಲ್ ಟಿಕೆಟ್‌ಗಳನ್ನು ಅಕ್ಕ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಎಂದಿನಂತೆ ಅತ್ತಿಗೆಯ ಅಳತೆಯ ರವಿಕೆಯ ಮಡಿಕೆಯಲ್ಲಿಟ್ಟು, ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಮನೆಗೆ ಬಂದವಳು ಒಲೆಯ ಮೇಲೆ ಹಾಲು ಉಕ್ಕಿತೆಂದು ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟು ಒಳಗೆ ಓಡಿದೆ. ಅಷ್ಟೇ. ಆ ದಿನ ಅಣ್ಣ ಬೇಗ ಬಂದಿದ್ದ. ಕುಳಿತುಕೊಳ್ಳಲೆಂದು ಪೊಟ್ಟಣ ಎತ್ತಿದ, ಹಾಲ್ ಟಿಕೆಟ್‌ಗಳು ಜಾರಿ ಬಿದ್ದವು...

ಮೊದಲು ಅತ್ತಿಗೆಯ ಜಡೆ ಹಿಡಿದು ಹಣೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಅವಳು ಕುಸಿದಳು. ಅವನು ರಸ್ತೆ ದಾಟಿದ. ನಾನು ಹಿಂದೆ ಓಡಿದೆ.

ಅಕ್ಕ ಮೇಜಿನ ಮೇಲೆ ಹಳದಿ ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು.

"ನನ್ ಹೆಂಡ್ತಿಗೆ ಡಿಗ್ರಿ ಕೊಡ್ಸೋಕೆ ನೀನ್ಯಾವಳೇ?"

"ನಾನೆಲ್ಲಿ ಕೊಡಿಸ್ಲಪ್ಪ. ಅವಳೇ ಬರೆದು ತಗೋತಾಳೆ" ಅಂದರು ಅಕ್ಕ.

ಅಣ್ಣ ಎಡಗೈಯಿಂದ ಅವರ ಬಲ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದ. ಬಲಗೈಗೆ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ ಸಿಕ್ಕಿತು. ಕೆಂಡವಿರಲಿಲ್ಲ, ಬರೀ ಭಾರ. ಮೂರು ಸಲ ಇಳಿಸಿದ. ಮೊದಲ ಏಟಿಗೆ ಅಕ್ಕ ಕೂಗಿದರು. ಎರಡನೆಯದಕ್ಕೆ ಒಣ ಪುಳ್ಳೆ ಮುರಿದಂಥ ಸದ್ದು. ಮೂರನೆಯದಕ್ಕೆ ಕೂಗೂ ಇರಲಿಲ್ಲ. ಹಳದಿ ಬಟ್ಟೆಯಲ್ಲಿ ಸುಣ್ಣದ ಗೆರೆಗಳು ಒಂದೊಂದಾಗಿ ಮುಳುಗಿದವು. ನಾನು ಬಾಗಿಲಲ್ಲಿ ನಿಂತಿದ್ದೆ. ಐದು ಹೆಜ್ಜೆ ದೂರ. ಅವನ ಕೈ ಹಿಡಿಯಲಿಲ್ಲ.

ಅಕ್ಕಪಕ್ಕದವರು ಅಕ್ಕನನ್ನು ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದರು. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಪೆಟ್ಟಿಗೆ ಕೈಜಾರಿ ಬಿತ್ತು ಅನ್ನು. ಒಡಹುಟ್ಟಿದವನು ಕಣೇ." ಠಾಣೆಯಲ್ಲಿ ಹಾಗೆಯೇ ಹೇಳಿ ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಅತ್ತಿಗೆ, ಹಣೆಯಲ್ಲಿ ಆರು ಹೊಲಿಗೆಯೊಂದಿಗೆ, ನನ್ನ ಜೊತೆ ಬಸ್ಸು ಹತ್ತಿದಳು. ಕಸದ ಬುಟ್ಟಿಯಿಂದ ಹೆಕ್ಕಿದ್ದ ಹಾಲ್ ಟಿಕೆಟ್‌ಗಳು ಅವಳ ಚೀಲದಲ್ಲಿದ್ದವು. ಇಬ್ಬರೂ ಶಿವಮೊಗ್ಗದಲ್ಲಿ ಪರೀಕ್ಷೆ ಬರೆದು ನೇರ ಆಸ್ಪತ್ರೆಗೆ ಹೋದೆವು. ಅಕ್ಕನ ಕೈ ದಿಂಬಿನಷ್ಟು ದಪ್ಪದ ಬ್ಯಾಂಡೇಜಿನಲ್ಲಿತ್ತು. ಎರಡು ಬೆರಳು ತೆಗೆದಿದ್ದರು.

"ಪೇಪರ್ ಹೆಂಗಿತ್ತು?" ಅಂದರು. ಅತ್ತಿಗೆ ಅಳುತ್ತ ಎಲ್ಲ ಪ್ರಶ್ನೆಗೂ ಬರೆದೆ ಅಂದಳು. ಅಕ್ಕ ನನ್ನನ್ನು ನೋಡಿದರು. "ನೀನು ಏನು ಬರೆದೆ?"

ನಾನು ಮೊದಲ ಪ್ರಶ್ನೆಯಿಂದ ಶುರು ಮಾಡಿದೆ.

"ಅದಲ್ಲ. ಠಾಣೆಲಿ."

ಹೇಳಿದೆ. ಅಕ್ಕ, ಬೈಯದೆ, ಯಾವಾಗಲೂ ನನ್ನ ಹಾಳೆ ತಿದ್ದುವಾಗಿನ ದನಿಯಲ್ಲೇ ಕೇಳಿದರು: "ಅವರು ಕೇಳಿದ್ದು ಏನು? ನೀನು ನೋಡಿದ್ದು ಏನು?"

ಭದ್ರಾವತಿಗೆ ಬಂದು ಬಸ್ಸಿಳಿದವಳು ಮನೆಗೆ ಹೋಗದೆ ಠಾಣೆಗೆ ಹೋದೆ. ಆಮೇಲೆ ನ್ಯಾಯಾಲಯ. ಅಣ್ಣನ ವಕೀಲರು, "ಮೂರೇ ಸಲ ಅಂತ ಹೇಗೆ ಹೇಳ್ತೀರಮ್ಮ? ಗಾಬರಿಲಿ ಎಣಿಸ್ತಾ ನಿಂತಿದ್ರಾ?" ಅಂದರು. "ಹೌದು, ನಿಂತಿದ್ದೆ. ಮೂರು ಸಲ" ಅಂದೆ. ಅಣ್ಣನಿಗೆ ಶಿಕ್ಷೆಯಾಯಿತು. ಅಮ್ಮ ನನ್ನೊಂದಿಗೆ ಮಾತು ಬಿಟ್ಟಳು. ಈಗಲೂ ಆಡುವುದಿಲ್ಲ.

ಅತ್ತಿಗೆ ಪಾಸಾದಳು. ಹೊಳೆಹೊನ್ನೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ಅಕ್ಕನನ್ನೂ ಕರೆದುಕೊಂಡು ಹೋದಳು. ಅಕ್ಕ ಮತ್ತೆ ಕತ್ತರಿ ಹಿಡಿಯಲಿಲ್ಲ. ಹಾಸ್ಟೆಲಿನ ಹುಡುಗಿಯರ ಹಾಳೆಗಳನ್ನು ಎಡಗೈಯಿಂದ ತಿದ್ದುತ್ತಿದ್ದರಂತೆ, ಅಕ್ಷರ ಸೊಟ್ಟಗೆ... ಈ ವರ್ಷ ಬೇಸಿಗೆಯಲ್ಲಿ ಜ್ವರ ಬಂದು ಹೋಗಿಬಿಟ್ಟರು. ಪೊಟ್ಟಣವನ್ನು ಕುರ್ಚಿಯ ಮೇಲೆ ಇಟ್ಟವಳು ನಾನು ಎಂದು ಅವರಿಗೆ ಗೊತ್ತಿತ್ತೇ? ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಕೋಟೆ ರಸ್ತೆಯ ಅಂಗಡಿಗೆ ನಾನು ಒಯ್ದದ್ದು ಅಂದು ಆ ಪೊಟ್ಟಣದಲ್ಲಿದ್ದ ರವಿಕೆಯನ್ನೇ. ಅತ್ತಿಗೆಗೆ ಹೊಸದು ಹೊಲಿಸಬೇಕಿತ್ತು. ಅಂಗಡಿಯಾಕೆ ಅದನ್ನು ಹೊರಳಿಸಿ ನೋಡಿ, "ಒಳ್ಳೆ ಕೈ ಕಣ್ರೀ ಇದು, ಯಾರು ಹೊಲಿದಿದ್ದು?" ಅಂದರು. "ನಮ್ಮ ಟೈಲರಕ್ಕ" ಅಂದೆ.

"ತೋಳು ಇಷ್ಟೇ ಉದ್ದ ಇರ್ಲಾ?"

"ಬೇಡ, ಗಿಡ್ಡ ಇಡಿ" ಅಂದೆ.

ಆಕೆ ಬಟ್ಟೆ ಹರಡಿ, ಸುಣ್ಣದ ಗೆರೆ ಎಳೆದು ಕತ್ತರಿ ಎತ್ತಿಕೊಂಡರು. ಬಲಗೈ. ಐದೂ ಬೆರಳು ಸಲೀಸಾಗಿ ಮಡಚಿದವು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದೆ.