ಏರಿನಲ್ಲಿ ಇಳಿದು ತಳ್ಳಿದ ಕೆಂಪಣ್ಣ

ನುಗ್ಗೇಹಳ್ಳಿ ರಸ್ತೆಯ ಏರಿನಲ್ಲಿ ಕೆಂಪಣ್ಣ ಎಳನೀರು ಹೇರಿದ ಸೈಕಲ್ಲನ್ನು ಕುಂಟುತ್ತಾ ತಳ್ಳುತ್ತಿದ್ದರು. ಮಂಡಿನೋವೆಂದು ಅದಕ್ಕೆ ಮೋಟಾರು ಹಾಕಿಸಿಕೊಂಡಿದ್ದರು. ಹಾಕಿದ ಮೆಕ್ಯಾನಿಕ್ ನಾನೇ.

"ಯಾಕಣ್ಣ, ಕೆಟ್ಟೋಯ್ತಾ?" ಎಂದೆ.

"ಇಲ್ಲ ಕಣಪ್ಪ, ಸಪಾಟ್ ರೋಡಲ್ಲಿ ಕುದ್ರೆ ಓದಂಗೆ ಓಯ್ತದೆ. ಏರು ಬಂದ್ರೆ ಎಳೆಯಾಕಿಲ್ಲ. ನಂದೇ ತಪ್ಪು, ಭಾರ ಜಾಸ್ತಿ ಏರ್ಕಂಡಿವ್ನಿ."

ನಾನು ಕಟ್ಟಿದ ಗಾಡಿ ಎಲ್ಲರದಕ್ಕಿಂತ ಜೋರಾಗಿ ಓಡಬೇಕೆಂಬ ಜಂಬಕ್ಕೆ, ಅವರನ್ನು ಒಂದು ಮಾತೂ ಕೇಳದೆ ಹಿಂದಿನ ಚಕ್ರಕ್ಕೆ ಚೈನ್ ಕೂರುವ ಚಿಕ್ಕ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಹಾಕಿದ್ದೆ. ಸ್ಪೀಡು ಹೆಚ್ಚಿತ್ತು, ಎಳೆಯುವ ಶಕ್ತಿ ಇಳಿದಿತ್ತು. ಖಾಲಿ ಸೈಕಲ್ಲನ್ನು ಬೈಪಾಸಿನಲ್ಲಿ ಓಡಿಸಿ ನೋಡಿ ಬೀಗಿದ್ದೆ.

ಅಂದೇ ದೊಡ್ಡ ಸ್ಪ್ರಾಕೆಟ್ ಹಾಕಿಕೊಟ್ಟೆ. ಏನಾಗಿತ್ತು ಎಂದು ಕೇಳಿದರು. "ಚೈನ್ ಸಡಿಲ ಆಗಿತ್ತು" ಎಂದೆ. ಆ ಸುಳ್ಳಿಗೂ ಕೈಮುಗಿದು ಹೋದರು.